ಖಾಂಡವದ ಬೆಂಕಿಯೂ ನಮ್ಮ ಗುಡ್ಡೆಯ ಬೆಂಕಿಯೂ

ಬೆಳ್ತಂಗಡಿಯ ಸೀಮೆಯಲ್ಲಿ ಮಾಘಮಾಸವು ಕಳೆಯಿತೆಂದರೆ ತೋಟದವರಿಗೆ ಸುಡುಮಣ್ಣಿನ ಕೆಲಸ. ತರಗೆಲೆ, ಕಸಕಡ್ಡಿಗಳ ಮೇಲೆ ಮಣ್ಣು ಮುಚ್ಚಿ, ಬೆಂಕಿಯನ್ನು ಹೊಗೆಯಾಡಲು ಬಿಟ್ಟರೆ ಗಿಡಗಳಿಗೆ ಒಳ್ಳೆಯ ಗೊಬ್ಬರವಾಗುವುದು. ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಒಂದು ಸಂಜೆ ಆ ರಾಶಿಯನ್ನು ಕಾಯುವ ಕೆಲಸವು ನನ್ನ ಪಾಲಿಗೆ ಬಂದಿತ್ತು. ಮುನ್ನಿನ ರಾತ್ರಿ ಮೂಡಬಿದಿರೆಯಲ್ಲಿ ತಾಳಮದ್ದಳೆ ಕೇಳಿ ನಿದ್ದೆಗೆಟ್ಟಿದ್ದ ನಾನು ಗೇರುಮರಕ್ಕೆ ಒರಗಿ ಕಣ್ಣುಮುಚ್ಚಿದೆನು. ಎಚ್ಚರವಾಗುವಾಗ ಗಾಳಿಯು ಕಿಡಿಯನ್ನು ಮುಳಿಹುಲ್ಲಿಗೆ ಒಯ್ದಿತ್ತು. ನೆರೆಕರೆಯವರೆಲ್ಲ ಹಸಿಸೊಪ್ಪಿನಿಂದ ಬಡಿದು ಆರಿಸುವಷ್ಟರಲ್ಲಿ ಉರಿಯು ನಾಗಬನದ ಅಂಚನ್ನು ಮುಟ್ಟಿಯಾಗಿತ್ತು.

ಆ ರಾತ್ರಿ ಕೇಳಿದ್ದ ಪ್ರಸಂಗವೂ ಖಾಂಡವವನ ದಹನವೇ. ಯಜ್ಞದ ತುಪ್ಪವನ್ನುಂಡು ಅಜೀರ್ಣಗೊಂಡ ಅಗ್ನಿಗೆ ವನವೇ ಔಷಧ. ಮಿತ್ರನಾದ ತಕ್ಷಕನಿಗಾಗಿ ಇಂದ್ರನು ಮಳೆಗರೆದರೆ ಅರ್ಜುನನು ಬಾಣಗಳಿಂದ ತಡೆದನು. ಉಳಿದವರು ಆರೇ ಮಂದಿ: ತಕ್ಷಕನ ಮಗ ಅಶ್ವಸೇನ, ಮಯ, ನಾಲ್ಕು ಶಾರ್ಙ್ಗಕ ಹಕ್ಕಿಮರಿಗಳು. ಅಜ್ಜಿಯು ನನ್ನನ್ನು ಬೈಯಲಿಲ್ಲ. “ಅರ್ಜುನನನ್ನಾದರೂ ಅಗ್ನಿ ಬೇಡಿದ್ದ ಮಗಾ, ನಿನ್ನನ್ನು ಯಾರು ಬೇಡಿದರು?” ಎಂದಷ್ಟೇ ಕೇಳಿದರು.

ಮಳೆ ಬಂದೊಡನೆ ಗುಡ್ಡೆಯು ಹಿಂದಿಗಿಂತ ಹಸುರಾಯಿತು. ದನಗಳು ಮನಸಾರೆ ಮೇಯ್ದುವು. ನನ್ನ ಅಪರಾಧವು ತೊಳೆದುಹೋಯಿತೆಂದು ಹಿಗ್ಗಿದೆನು. ಆದರೆ ಬನದ ಅಂಚಿನ ಮರಗಳು ಒಂದೊಂದಾಗಿ ಒಣಗಿದುವು. ಹುಲ್ಲಿನ ಜೀವವು ಬೇರಿನಲ್ಲಿ ಅಡಗಿರುತ್ತದೆ. ಎಲೆಯುದುರುವ ಕಾಡಿನ ಮತ್ತಿ ಮೊದಲಾದವನ್ನು ದಪ್ಪ ತೊಗಟೆಯು ಕಾಯುತ್ತದೆ. ಸದಾ ತಂಪಿನಲ್ಲಿ ಬೆಳೆದ ನಿತ್ಯಹಸುರಿನ ಮರಗಳ ತೊಗಟೆ ಸಾಮಾನ್ಯವಾಗಿ ತೆಳು. ಬೆಂಕಿಯ ಅಭ್ಯಾಸವೇ ಅವಕ್ಕಿಲ್ಲ.

ಹಾಗೆಂದು ಬೆಂಕಿಯೆಲ್ಲವೂ ಕಾಡಿನ ಶತ್ರುವೆನ್ನಲಾಗದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಬೇಸಗೆಯು ಬಲಿಯುವ ಮುನ್ನವೇ ‘ತರಗು ಬೆಂಕಿ’ ಹಾಕುತ್ತಿದ್ದರು. ಅದು ನೆಲದ ತರಗನ್ನು ಮಾತ್ರ ಮೆಲ್ಲನೆ ಸುಡುವ ಕಿರುಬೆಂಕಿ. 1974ರಲ್ಲಿ ಆ ಬೆಟ್ಟವು ವನ್ಯಧಾಮವಾಯಿತು. ಬೆಂಕಿ ಹಾಕುವುದು ನಿಂತಿತು. ಆ ಬಳಿಕ ಲಂಟಾನದ ಪೊದೆಯೂ ನೆಲ್ಲಿಮರವನ್ನು ಹೀರುವ ಬಂದಳಿಕೆಯೂ ಹೆಚ್ಚಿದುವೆಂದು ಸೋಲಿಗರು ಹೇಳುತ್ತಾರೆ. ಬಂಡೀಪುರದಲ್ಲಿ 2019ರ ಫೆಬ್ರವರಿಯಲ್ಲಿ ಸಾವಿರಾರು ಎಕರೆಯನ್ನು ನುಂಗಿದ ಬೆಂಕಿಯಾದರೋ ಬೇರೆಯೇ ಜಾತಿಯದು. ಆದುದರಿಂದ ಬೆಂಕಿಯು ಒಳ್ಳೆಯದೋ ಕೆಟ್ಟದೋ ಎಂದು ಕೇಳುವ ಮೊದಲು, ಅದು ಯಾವ ಕಾಡಿಗೆ, ಯಾವ ಕಾಲಕ್ಕೆ ಬಂತು, ಅದರ ಹಿಂದಿನಿಂದ ಏನು ಚಿಗುರಿತು ಎಂದು ಕೇಳಬೇಕು.

ಖಾಂಡವದಲ್ಲಿ ಹುಲ್ಲೂ ಚಿಗುರಿದ ಕಥೆಯಿಲ್ಲ. ಬದುಕುಳಿದ ಮಯನು ಪಾಂಡವರಿಗೆ ಸಭಾಭವನವನ್ನು ಕಟ್ಟಿಕೊಟ್ಟನು. ಆದರೆ ಅಶ್ವಸೇನನು ಮರೆಯಲಿಲ್ಲ. ತಾಯಿಯನ್ನು ಕೊಂದವನ ಮೇಲಿನ ಹಗೆಯಿಂದ ಕುರುಕ್ಷೇತ್ರದಲ್ಲಿ ಕರ್ಣನ ಬಾಣವನ್ನೇರಿ ಬಂದನು.

ಈಗ ಬಂಟ್ವಾಳದ ನಮ್ಮ ತೋಟದಲ್ಲಿಯೂ ಸುಡುಮಣ್ಣು ಮಾಡುತ್ತೇವೆ. ರಾಶಿಯ ಪಕ್ಕದಲ್ಲಿ ಎರಡು ಕೊಡ ನೀರಿಟ್ಟು, ಹೊಗೆಯಡಗುವವರೆಗೆ ನಾನೇ ಕುಳಿತಿರುತ್ತೇನೆ. ಹಿಂದಿನ ರಾತ್ರಿ ಎಂತಹ ತಾಳಮದ್ದಳೆಯಿದ್ದರೂ ಹೋಗುವುದಿಲ್ಲ.