ಅಪ್ಪಯ್ಯನ ಕೈಚೀಲ ಮತ್ತು ನನ್ನ ಎಕ್ಸೆಲ್ ಶೀಟು

ಒಂದು ಶುಕ್ರವಾರ ಸಂಜೆ ನಮ್ಮ ಟೀಮಿನ ಇಬ್ಬರಿಗೆ ಎಚ್‌ಆರ್‌ನಿಂದ ಮೀಟಿಂಗ್ ಕರೆ ಬಂತು. ಸೋಮವಾರ ಅವರಿಬ್ಬರ ಕುರ್ಚಿ ಖಾಲಿ. ಅವರಲ್ಲೊಬ್ಬನ ತಾಯಿಗೆ ಮುಂದಿನ ತಿಂಗಳು ಮೊಣಕಾಲಿನ ಆಪರೇಷನ್ ಆಗಬೇಕಿತ್ತು. ಕಂಪನಿಯ ಗ್ರೂಪ್ ಪಾಲಿಸಿಯಲ್ಲಿ ಮಾಡಿಸೋದು ಅಂತ ಲೆಕ್ಕ ಹಾಕಿಕೊಂಡಿದ್ದ. ಕೆಲಸದ ಜೊತೆ ಪಾಲಿಸಿಯೂ ಹೋಯ್ತು.

ಆವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹೊಸನಗರದಲ್ಲಿರುವ ನನ್ನ ಅಪ್ಪಯ್ಯ, ಅಮ್ಮನಿಗೂ ಇರೋದು ಅದೇ ಕಂಪನಿಯ 5 ಲಕ್ಷದ ಪಾಲಿಸಿ. ಅಪ್ಪಯ್ಯ ಹೈಸ್ಕೂಲ್ ಮೇಷ್ಟ್ರಾಗಿದ್ದು ನಿವೃತ್ತರಾಗಿ ಏಳು ವರ್ಷ ಆಯ್ತು. ಪೆನ್ಷನ್ ಬರುತ್ತೆ, ಸ್ವಲ್ಪ ಅಡಿಕೆ ತೋಟ ಇದೆ, ಊಟಕ್ಕೇನೂ ಕೊರತೆಯಿಲ್ಲ. ಆದರೆ ಒಂದು ದೊಡ್ಡ ಆಸ್ಪತ್ರೆ ಬಿಲ್ ಬಂದರೆ? ಎದ್ದು ಕೂತು ಎಕ್ಸೆಲ್ ಶೀಟು ತೆಗೆದೆ. ಇಂಜಿನಿಯರುಗಳಿಗೆ ಸಂಕಟ ಬಂದಾಗ ವೆಂಕಟರಮಣನಿಗಿಂತ ಮೊದಲು ನೆನಪಾಗೋದು ಅದೇ.

ಒಂಬತ್ತು ಪಾಲಿಸಿ, ಹದಿನಾಲ್ಕು ಕಾಲಂ. ಪ್ರೀಮಿಯಂ, ಮೊತ್ತ, ರೂಮ್ ಬಾಡಿಗೆ ಮಿತಿ, ಕೋ-ಪೇ, ವೇಟಿಂಗ್ ಪೀರಿಯಡ್. ಅರವತ್ತು ದಾಟಿದವರಿಗೆ ಹೊಸದಾಗಿ 20–25 ಲಕ್ಷದ ಪೂರ್ತಿ ಪಾಲಿಸಿ ತಗೊಂಡರೆ ಪ್ರೀಮಿಯಂ ನೋಡಿಯೇ ಎದೆನೋವು ಬರುತ್ತೆ. ಅದಕ್ಕೇ ಹೆಚ್ಚಿನವರು ಟಾಪ್-ಅಪ್ ಹುಡುಕೋದು. ಮೊದಲ ಇಷ್ಟು ಲಕ್ಷ ನಿಮ್ಮದು, ಅದರ ಮೇಲಿನದ್ದು ನಮ್ಮದು ಅನ್ನೋ ಲೆಕ್ಕ. ಆ ‘ಮೊದಲ ಇಷ್ಟು ಲಕ್ಷ’ಕ್ಕೆ ಡಿಡಕ್ಟಿಬಲ್ ಅಂತಾರೆ. ಶೀಟಿನಲ್ಲಿ ಎಲ್ಲಕ್ಕಿಂತ ಅಗ್ಗದ ಟಾಪ್-ಅಪ್‌ಗೆ ಹಸಿರು ಬಣ್ಣ ತುಂಬಿಸಿ ಮಲಗಿದೆ.

ಮುಂದಿನ ವಾರ ತಾಳಗುಪ್ಪದ ರಾತ್ರಿ ರೈಲು ಹತ್ತಿ ಊರಿಗೆ ಹೊರಟೆ. ಬೆಳಿಗ್ಗೆ ಸಾಗರದಲ್ಲಿ ಇಳಿದು ಸೋದರಮಾವನ ಮನೆಗೆ ಹೋದೆ. ತಿಂಡಿ ತಿನ್ನುತ್ತಾ ಹಸಿರು ಬಣ್ಣದ ಪಾಲಿಸಿ ತೋರಿಸಿದೆ. ಮಾವ ಕನ್ನಡಕ ಹಾಕಿಕೊಂಡು ನೋಡಿ, “ಇದು ಬೇಡ ಮಾರಾಯ. ನಂಗೆ ಇಂಥದ್ದೇ ಕೈ ಕೊಟ್ಟಿದ್ದು” ಅಂದರು.

ಅವರ ಕಥೆ ಇಷ್ಟು. 5 ಲಕ್ಷದ ಮೂಲ ಪಾಲಿಸಿ ಇತ್ತು. ಅದರ ಮೇಲೆ 5 ಲಕ್ಷ ಡಿಡಕ್ಟಿಬಲ್ ಇರುವ ಟಾಪ್-ಅಪ್. ಒಂದೇ ವರ್ಷದಲ್ಲಿ ಎರಡು ಸಲ ಆಸ್ಪತ್ರೆ ಸೇರಬೇಕಾಯ್ತು. ಮೊದಲ ಬಿಲ್ ಮೂರೂವರೆ ಲಕ್ಷ, ಮೂಲ ಪಾಲಿಸಿ ಪೂರ್ತಿ ಕಟ್ಟಿತು. ಎರಡನೇ ಬಿಲ್ 4 ಲಕ್ಷ. ಮೂಲ ಪಾಲಿಸಿಯಲ್ಲಿ ಉಳಿದಿದ್ದು ಒಂದೂವರೆ ಲಕ್ಷ ಮಾತ್ರ. ಉಳಿದ ಎರಡೂವರೆ ಲಕ್ಷಕ್ಕೆ ಟಾಪ್-ಅಪ್ ಕೇಳಿದರೆ, “ಈ ಬಿಲ್ 5 ಲಕ್ಷ ದಾಟಿಲ್ಲವಲ್ಲ ಸರ್” ಅಂದರಂತೆ. ಸಾದಾ ಟಾಪ್-ಅಪ್ ಒಂದೊಂದು ಬಿಲ್ಲನ್ನೂ ಬೇರೆ ಬೇರೆಯಾಗಿ ನೋಡುತ್ತೆ. ಸೂಪರ್ ಟಾಪ್-ಅಪ್ ಆಗಿದ್ದರೆ ವರ್ಷದ ಬಿಲ್ಲುಗಳನ್ನೆಲ್ಲಾ ಕೂಡಿಸುತ್ತಿತ್ತು. ಒಟ್ಟು ಏಳೂವರೆ ಲಕ್ಷ, 5 ಲಕ್ಷದ ಮೇಲಿನ ಎರಡೂವರೆ ಲಕ್ಷ ಅದೇ ಕೊಡುತ್ತಿತ್ತು. ‘ಸೂಪರ್’ ಅನ್ನೋ ಒಂದು ಪದಕ್ಕೆ ಎರಡೂವರೆ ಲಕ್ಷ. ರೇಟು ಏರಲಿ ಅಂತ ಮಂಡಿಯಲ್ಲಿ ಇಟ್ಟಿದ್ದ ಅಡಿಕೆಯನ್ನು ಮಾವ ಅವಸರದಲ್ಲಿ ಮಾರಿದರು.

“ಯಶಸ್ವಿನಿ ಇರಲಿಲ್ವಾ ಮಾವ?” ಅಂತ ಕೇಳಿದೆ. ಸಹಕಾರ ಸಂಘದ ಸದಸ್ಯರಿಗಾಗಿ 2003ರಲ್ಲಿ ಶುರುವಾದ ಯೋಜನೆ ಅದು. ನಡುವೆ ಕೆಲ ವರ್ಷ ನಿಂತು ಮತ್ತೆ ಬಂದಿದೆ. ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಆದರೆ ಪ್ರತಿ ವರ್ಷ ಗಡುವಿನೊಳಗೆ ನೋಂದಾಯಿಸಬೇಕು. “ಆಗ ಕೊನೆಕೊಯ್ಲು, ಸುಲಿಯೋದು, ಬೇಯಿಸೋದು. ಸೊಸೈಟಿ ಕಡೆ ಹೋಗೋಕೇ ಪುರಸೊತ್ತಾಗಲಿಲ್ಲ” ಅಂದರು ಮಾವ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಸಿರು ಬಣ್ಣ ಅಳಿಸಿ ಹೊಸನಗರದ ಬಸ್ಸು ಹತ್ತಿದೆ.

ಮನೆಯಲ್ಲಿ ಆಧಾರ್ ಕಾರ್ಡ್ ಬೇಕಾಗಿ ಅಪ್ಪಯ್ಯನ ಕೈಚೀಲ ತೆಗೆದೆ. ಕೊಡೆಯ ಕೆಳಗೆ, ಪಾಸ್‌ಬುಕ್ಕಿನ ನಡುವೆ ಮೆಟ್‌ಫಾರ್ಮಿನ್ ಮಾತ್ರೆಯ ಶೀಟು. ಜೊತೆಗೆ ತೀರ್ಥಹಳ್ಳಿಯ ಒಬ್ಬ ಡಾಕ್ಟರ ಚೀಟಿ. ತಾರೀಖು ನೋಡಿದರೆ ನಾಲ್ಕು ವರ್ಷದ ಹಿಂದಿನದು. ತಿಂಗಳಿಗೊಮ್ಮೆ “ತೀರ್ಥಹಳ್ಳಿಗೆ ಅಕ್ಕನ ಮನೆಗೆ ಹೋಗಿ ಬರ್ತೀನಿ” ಅಂತ ಅಪ್ಪಯ್ಯ ಹೊರಡುತ್ತಿದ್ದುದು ಯಾಕೆ ಅಂತ ಆಗ ಗೊತ್ತಾಯ್ತು.

ಜಗಲಿಯಲ್ಲಿ ಪೇಪರ್ ಓದುತ್ತಿದ್ದವರ ಮುಂದೆ ಮಾತ್ರೆ ಇಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ನಿನ್ನ ಅಮ್ಮಂಗೆ ಹೇಳಬೇಡ” ಅಂದರು.

“ಯಾಕೆ ಅಪ್ಪಯ್ಯ ಹೇಳಲಿಲ್ಲ ನೀವು?”

“ಹೇಳಿ ಎಂಥಾ ಮಾಡೋದು? ನೀನು ಮನೆ ಸಾಲ ಕಟ್ತಿದ್ದೆ. ಶುಗರ್ ಅಂತ ಬರೆಸಿದ್ರೆ ಪ್ರೀಮಿಯಂ ಜಾಸ್ತಿ ಆಗುತ್ತೆ, ಬರೆಸಬೇಡಿ ಅಂತ ಒಬ್ಬ ಏಜೆಂಟ್ ಬೇರೆ ಹೇಳಿದ್ದ.”

ನಲವತ್ತು ಮಕ್ಕಳ ಎದುರು ‘ಸುಳ್ಳು ಹೇಳಬಾರದು’ ಅಂತ ಪಾಠ ಮಾಡಿದ ಮೇಷ್ಟ್ರು ನನ್ನ ದುಡ್ಡು ಉಳಿಸೋಕೆ ನಾಲ್ಕು ವರ್ಷ ಬಸ್ಸು ಹತ್ತಿದ್ದರು. ಬೈಯೋಣ ಅಂತ ಹೊರಟವನಿಗೆ ಮಾತೇ ಬರಲಿಲ್ಲ. ನನ್ನ ಹದಿನಾಲ್ಕು ಕಾಲಂಗಳಲ್ಲಿ ಅಪ್ಪಯ್ಯನ ಆರೋಗ್ಯದ ಕಾಲಮ್ಮೇ ಇರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ವಾರಕ್ಕೊಮ್ಮೆ ಫೋನಿನಲ್ಲಿ “ಆರಾಮಾ?” ಅಂದರೆ “ಆರಾಮು” ಅನ್ನುತ್ತಿದ್ದರು, ಅಷ್ಟೇ.

ಆ ರಾತ್ರಿ ಊಟ ಆದಮೇಲೆ ಮೂವರೂ ಲ್ಯಾಪ್‌ಟಾಪ್ ಮುಂದೆ ಕೂತೆವು. ಅಮ್ಮನಿಗೆ ಅಪ್ಪಯ್ಯನೇ ಹೇಳಿದರು. ಅಮ್ಮ, “ನಂಗೆ ಗೊತ್ತಿತ್ತು. ಕಾಫಿಗೆ ಸಕ್ಕರೆ ಕಮ್ಮಿ ಮಾಡಿ ಎರಡು ವರ್ಷ ಆಯ್ತು” ಅಂದಳು.

ಅರ್ಜಿಯಲ್ಲಿ ಶುಗರ್ ಇದೆ ಅಂತ ಬರೆದೆವು. ಬರೆದರೆ ಪ್ರೀಮಿಯಂ ಒಂದಿಷ್ಟು ಏರಬಹುದು. ಬರೆಯದಿದ್ದರೆ ಕ್ಲೇಮ್ ಹೊತ್ತಿಗೆ ಹಳೆಯ ಚೀಟಿ ಹೊರಬಿದ್ದು ಪಾಲಿಸಿಯೇ ಹೋಗಬಹುದು. ಐಆರ್‌ಡಿಎಐ 2024ರಲ್ಲಿ ನಿಯಮ ಬದಲಿಸಿದ ಮೇಲೆ, ಮೊದಲೇ ಇದ್ದ ಕಾಯಿಲೆಗೆ ಮೂರು ವರ್ಷಕ್ಕಿಂತ ಹೆಚ್ಚು ಕಾಯಿಸುವ ಹಾಗಿಲ್ಲ. ಅಂದರೆ ನಾಲ್ಕು ವರ್ಷದ ಹಿಂದೆ ನಿಜ ಬರೆದು ಪಾಲಿಸಿ ತಗೊಂಡಿದ್ದರೆ ಕಾಯುವ ಅವಧಿ ಇಷ್ಟೊತ್ತಿಗೆ ಮುಗಿಯುತ್ತಾ ಬಂದಿರುತ್ತಿತ್ತು. ಈಗ ಇವತ್ತಿನಿಂದ ಎಣಿಸಬೇಕು.

ಕೊನೆಗೆ ಅಪ್ಪಯ್ಯ, ಅಮ್ಮನ ಹೆಸರಿನಲ್ಲೇ 20 ಲಕ್ಷದ ಸೂಪರ್ ಟಾಪ್-ಅಪ್ ತಗೊಂಡೆವು, 5 ಲಕ್ಷ ಡಿಡಕ್ಟಿಬಲ್ ಇಟ್ಟು. ಸದ್ಯಕ್ಕೆ ಆ ಮೊದಲ 5 ಲಕ್ಷವನ್ನು ಕಂಪನಿಯ ಪಾಲಿಸಿ ನೋಡಿಕೊಳ್ಳುತ್ತೆ. ನಾಳೆ ನನ್ನ ಕುರ್ಚಿ ಖಾಲಿಯಾದರೂ ಸೂಪರ್ ಟಾಪ್-ಅಪ್ ಉಳಿಯುತ್ತೆ. ಮೊದಲ 5 ಲಕ್ಷ ಕೈಯಿಂದ ಕಟ್ಟಿದರೂ ಮೇಲಿನದ್ದನ್ನು ಅದು ಕೊಡುತ್ತೆ. ಅದಕ್ಕಾಗಿ ಬೇರೆ ಎಫ್‌ಡಿ ಶುರು ಮಾಡಿದ್ದೇನೆ. 70 ತುಂಬಿದವರಿಗೆ ಆದಾಯ ಕೇಳದೆ 5 ಲಕ್ಷ ಕೊಡುವ ಆಯುಷ್ಮಾನ್ ವಯ ವಂದನಾವನ್ನು ಕೇಂದ್ರ 2024ರ ಅಕ್ಟೋಬರಿನಲ್ಲಿ ಶುರು ಮಾಡಿದೆ. ಅಪ್ಪಯ್ಯನಿಗೆ ಇನ್ನೂ ಮೂರು ವರ್ಷ ಇದೆ. ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತಾ ಅಂತ ಆಗ ವಿಚಾರಿಸಿಯೇ ಲೆಕ್ಕಕ್ಕೆ ಸೇರಿಸೋದು.

ನೀವೂ ಹುಡುಕ್ತಿದ್ದರೆ ಎರಡು ಮಾತು. ಆಸ್ಪತ್ರೆ ಪಟ್ಟಿಯಲ್ಲಿ ಬೆಂಗಳೂರಿನ ಹೆಸರು ಎಣಿಸಬೇಡಿ. ನಮ್ಮ ಕಡೆಯವರು ರಾತ್ರಿ ಹೊತ್ತು ಗಾಡಿ ಮಾಡಿಕೊಂಡು ಹೋಗೋದು ಶಿವಮೊಗ್ಗಕ್ಕೆ, ಇಲ್ಲಾ ಘಾಟಿ ಇಳಿದು ಮಣಿಪಾಲಕ್ಕೆ. ಅಲ್ಲಿ ಕ್ಯಾಶ್‌ಲೆಸ್ ಇದೆಯಾ ನೋಡಿ. ರೂಮ್ ಬಾಡಿಗೆ ಮಿತಿ ಇರುವ ಪಾಲಿಸಿಯಾದರೆ ಹುಷಾರು. 5,000ದ ಮಿತಿ ಇದ್ದು 10,000ದ ರೂಮ್ ತಗೊಂಡರೆ ಬಾಡಿಗೆಯ ಜೊತೆಗೆ ಡಾಕ್ಟರ ಫೀಸಿನಂಥ ಖರ್ಚನ್ನೂ ಅದೇ ಅನುಪಾತದಲ್ಲಿ ಕತ್ತರಿಸಬಹುದು. 2025ರ ಸೆಪ್ಟೆಂಬರ್ 22ರಿಂದ ಸ್ವಂತಕ್ಕೆ ತಗೊಳ್ಳುವ ಆರೋಗ್ಯ ವಿಮೆಗೆ ಶೇ. 18 ಜಿಎಸ್‌ಟಿ ಇಲ್ಲ ಅನ್ನೋದೊಂದು ಸಮಾಧಾನ.

ಈಗಲೂ ಅಪ್ಪಯ್ಯ ತಿಂಗಳಿಗೊಮ್ಮೆ ತೀರ್ಥಹಳ್ಳಿಗೆ ಹೋಗ್ತಾರೆ. ಬಂದ ಕೂಡಲೇ ಶುಗರ್ ರಿಪೋರ್ಟಿನ ಫೋಟೋ ವಾಟ್ಸಾಪ್ ಮಾಡ್ತಾರೆ. ಹೋದ ತಿಂಗಳು ಸ್ವಲ್ಪ ಜಾಸ್ತಿ ಇತ್ತು. ಕೆಳಗೆ ಅವರೇ ಬರೆದಿದ್ದರು: “ಅತ್ತೆ ಮನೆಯಲ್ಲಿ ಹಲಸಿನಹಣ್ಣಿನ ಕಡುಬು ಮಾಡಿದ್ದರು. ಮುಚ್ಚಿಡುವುದಿಲ್ಲ.”