ನ್ಯೂಟಿನ ಕುಲಗೋತ್ರ

ಮೊಮ್ಮಗನಿಗೆ ನಾಯಿ ಬೇಡವಂತೆ, ಬೆಕ್ಕೂ ಬೇಡವಂತೆ, ನ್ಯೂಟ್ ಬೇಕಂತೆ. ಪೆನ್ಸಿಲ್ವೇನಿಯಾದ ಮಗಳ ಮನೆಗೆ ಬಂದಿಳಿದ ನನ್ನಂಥ ನಿವೃತ್ತರಿಗೆ ಇಂಥ ವಿಷಯದಲ್ಲಿ ಮಾತಾಡುವ ಅಧಿಕಾರವಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಕೂತು ಜೊತೆಗೆ ಹೋಗಬಹುದು, ಅಷ್ಟೆ.

ನ್ಯೂಟ್ ನೋಡುವುದಕ್ಕೆ ಹಲ್ಲಿಯ ಹಾಗಿದ್ದರೂ ಕಪ್ಪೆಯ ದಾಯಾದಿ. ನಮ್ಮ ಮಲೆನಾಡಿನಲ್ಲಿ ಕಪ್ಪೆಗಳಿಗೆ ಬರವಿಲ್ಲ, ಆದರೆ ನ್ಯೂಟ್ ಒಂದೂ ಇಲ್ಲ. ಭಾರತದಲ್ಲಿ ಅದನ್ನು ಕಾಣಬೇಕಾದರೆ ಡಾರ್ಜಿಲಿಂಗ್, ಈಶಾನ್ಯದ ಕಡೆಯ ಬೆಟ್ಟದ ಕೊಳಗಳಿಗೇ ಹೋಗಬೇಕು. ಅಲ್ಲೂ ಕಣ್ಣಲ್ಲಿ ನೋಡಿ ಬರಬಹುದು, ಮನೆಗೆ ತರುವ ಹಾಗಿಲ್ಲ, ಕಾನೂನಿನ ರಕ್ಷಣೆ ಇದೆ.

ಮೊದಲು ಹೋದ ಅಂಗಡಿಯಲ್ಲಿ ಫೈರ್ ಬೆಲ್ಲೀಡ್ ನ್ಯೂಟ್‌ಗಳಿದ್ದವು. ಚೀನಾ ಮೂಲದವು, ಬೆರಳುದ್ದ, ಕಪ್ಪು ಬೆನ್ನು, ಕೆಂಡದ ಬಣ್ಣದ ಹೊಟ್ಟೆ. ಮೊಮ್ಮಗ ಗಾಜಿಗೆ ಮೂಗು ಒತ್ತಿದ. ನನಗೆ ಕಂಡದ್ದು ಬೇರೆ: ಸೊಂಟದ ಎಲುಬು ಎದ್ದು ಕಾಣುತ್ತಿತ್ತು, ಒಂದರ ಕಾಲಿಗೆ ಹತ್ತಿಯಂಥ ಬಿಳಿ ಬೂಷ್ಟು ಹಿಡಿದಿತ್ತು, ಹಾಕಿದ ಹುಳು ನೀರಿನಲ್ಲಿ ಹಾಗೇ ಕೊಳೆಯುತ್ತಿತ್ತು. ಊರಿನ ದನದ ಜಾತ್ರೆಯಲ್ಲಿ ಪಳಗಿದ ಕಣ್ಣಿಗೆ ಇಷ್ಟು ಸಾಕು. "ಇವು ಎಲ್ಲಿಂದ ಬಂದವು?" ಅಂತ ಮಗಳು ಕೇಳಿದಳು. "ಸಪ್ಲೈಯರ್ ಕಳಿಸ್ತಾರೆ" ಅಂದ ಅಂಗಡಿಯ ಹುಡುಗ, ಬಿಲ್ ಮಾಡಲು ತಯಾರಾಗಿ. ನಾವು ವಾಪಸ್ ಬಂದೆವು.

ನ್ಯೂಟಿಗೆ ಕುಲಗೋತ್ರ ಕೇಳುವುದು ಹುಚ್ಚುತನ ಅನ್ನಿಸಬಹುದು. ಆದರೆ ಈ ದೇಶದಲ್ಲಿ ಅದಕ್ಕೊಂದು ಹಿನ್ನೆಲೆಯಿದೆ. ನೆದರ್ಲೆಂಡ್ಸ್‌ನ ಕಾಡಿನಲ್ಲಿ ನ್ಯೂಟಿನ ಬಳಗದ ಸಲಮಾಂಡರ್‌ಗಳು ಹೇಳಹೆಸರಿಲ್ಲದಂತೆ ಸತ್ತುಹೋದವು. 2013ರಲ್ಲಿ ಕಾರಣ ಗೊತ್ತಾಯಿತು: ಚರ್ಮವನ್ನೇ ತಿಂದುಹಾಕುವ ಒಂದು ಶಿಲೀಂಧ್ರ. ಅದರ ತವರು ಏಷ್ಯಾ, ಹರಡುವ ದಾರಿ ಸಾಕುಪ್ರಾಣಿ ವ್ಯಾಪಾರ. ಏಷ್ಯಾದ ಕೆಲವು ನ್ಯೂಟ್‌ಗಳು ತಮಗೇನೂ ಆಗದೆಯೇ ಅದನ್ನು ಹೊತ್ತು ತಿರುಗಬಲ್ಲವು. ಅಮೆರಿಕಕ್ಕೆ ನಡುಕ ಹುಟ್ಟಿದ್ದು ಆಗ. ಇಲ್ಲಿನ ಅಪಲಾಚಿಯನ್ ಬೆಟ್ಟಸಾಲಿನಷ್ಟು ಬಗೆಬಗೆಯ ಸಲಮಾಂಡರ್‌ಗಳು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. 2016ರ ಜನವರಿಯಲ್ಲಿ 201 ಜಾತಿಗಳ ಆಮದಿಗೆ ಸರ್ಕಾರ ತಡೆ ಹಾಕಿತು, ಫೈರ್ ಬೆಲ್ಲೀಡ್ ಕೂಡ ಆ ಪಟ್ಟಿಯಲ್ಲಿದೆ. ಹಾಗಾಗಿ ಇಲ್ಲೇ ಹುಟ್ಟಿ, ಇಲ್ಲೇ ಬೆಳೆದ ಮರಿಯನ್ನು ಸಾಕಿದವರ ಕೈಯಿಂದಲೇ ಕೊಳ್ಳುವುದು ಒಳ್ಳೆಯದು.

"ಅಜ್ಜ, ಮನೆ ಹಿಂದಿನ ಕಾಡಲ್ಲಿ ಪುಕ್ಕಟೆ ಸಿಗುತ್ತಲ್ಲ?" ಅಂದ ಮೊಮ್ಮಗ. ಹೌದು, ಮಳೆ ಬಿಟ್ಟ ಮೇಲೆ ಒದ್ದೆ ತರಗೆಲೆಯ ಮೇಲೆ ಕಿತ್ತಳೆ ಬಣ್ಣದ ಪುಟ್ಟ ನ್ಯೂಟ್‌ಗಳು ಗತ್ತಿನಿಂದ ಓಡಾಡುತ್ತಿರುತ್ತವೆ. ವರ್ಷಗಟ್ಟಲೆ ನೆಲದ ಮೇಲಿದ್ದು, ಆಮೇಲೆ ಬಣ್ಣ ಬದಲಿಸಿಕೊಂಡು ಕೊಳ ಸೇರುತ್ತವೆ. ಅವುಗಳ ಪಾಡಿಗೆ ಅವನ್ನು ಬಿಡು ಅಂದೆ. ಕಾಡಿನದು ಮನೆಗೆ ಬರುವುದೂ ಬೇಡ, ಮನೆಯ ಟ್ಯಾಂಕಿನ ನೀರು ಕಾಡಿಗೆ ಹೋಗುವುದೂ ಬೇಡ.

ಕೊನೆಗೆ ಸಿಕ್ಕಿದ್ದು ಹತ್ತಿರದ ಊರಿನಲ್ಲಿ ಮರಿ ಮಾಡಿಸಿ ಮಾರುವ ಒಬ್ಬ ಹಿರಿಯ ಹೆಂಗಸು. ಆಕೆಯ ನ್ಯೂಟ್‌ಗಳೆಲ್ಲ ನೆಲಮಾಳಿಗೆಯಲ್ಲಿ, ಯಾಕೆಂದರೆ ಮನೆಯಲ್ಲಿ ತಂಪಾದ ಜಾಗ ಅದೊಂದೇ. ನೀರು ಇಪ್ಪತ್ತು ಡಿಗ್ರಿಯ ಆಸುಪಾಸಿನಲ್ಲಿದ್ದರೆ ಇವಕ್ಕೆ ಸುಖ, ಬೇಸಿಗೆಯ ಸೆಕೆಯೇ ಶತ್ರು. ನೀರುಗಿಡದ ಒಂದು ಎಸಳನ್ನು ಚಿಮಟದಲ್ಲಿ ಎತ್ತಿ ತೋರಿಸಿದರು. ಬೀಡಾ ಕಟ್ಟಿದ ಹಾಗೆ ಎಲೆ ಮಡಿಸಿಕೊಂಡಿತ್ತು, ಒಳಗೆ ಒಂದೇ ಒಂದು ಮೊಟ್ಟೆ. ತಾಯಿ ಹಿಂಗಾಲಿನಿಂದ ಎಲೆ ಮಡಿಸಿ, ಒಂದೊಂದೇ ಇಡುತ್ತಾಳಂತೆ. ಮರಿಗಳು ಜೀವಂತ ಹುಳುವನ್ನಲ್ಲದೆ ಬೇರೇನನ್ನೂ ಮುಟ್ಟುವುದಿಲ್ಲ. ಕಣ್ಣಿಗೆ ಕಂಡೂ ಕಾಣದ ಆ ಹುಳುಗಳನ್ನೂ ಈಕೆಯೇ ಬೆಳೆಸಬೇಕು. ಇಂಥವರು ವಿರಳವಾಗಿರುವುದೂ ಮರಿಯ ಬೆಲೆ ಜಾಸ್ತಿ ಇರುವುದೂ ಇದಕ್ಕೇ. ಚೌಕಾಸಿ ಮಾಡಲೆಂದು ತೆರೆದ ಬಾಯನ್ನು ನಾನು ಮುಚ್ಚಿಕೊಂಡೆ.

ನಾವು ಪ್ರಶ್ನೆ ಕೇಳಲು ಹೋದವರು, ಆದರೆ ಪರೀಕ್ಷೆ ನಮಗೇ ಆಯಿತು. ಟ್ಯಾಂಕ್ ಇಟ್ಟು ಎಷ್ಟು ದಿನವಾಯಿತು? ನಲ್ಲಿ ನೀರಿನ ಕ್ಲೋರಿನ್ ತೆಗೆಯುತ್ತೀರಾ? ಮುಚ್ಚಳ ಬಿಗಿಯಾಗಿದೆಯಾ, ಗಾಜು ಹತ್ತಿ ಹೊರಗೆ ಬಂದುಬಿಡುತ್ತವೆ. ಮುಟ್ಟಿದ ಮೇಲೆ ಕೈ ತೊಳೆಯುತ್ತೀಯಾ, ಚರ್ಮದಲ್ಲಿ ವಿಷವಿದೆ. ಟ್ಯಾಂಕನ್ನು ಇನ್ನೂ ಕೊಂಡೇ ಇಲ್ಲ ಅಂದಾಗ ಆಕೆ ನಕ್ಕು, ಹಣವನ್ನು ಮುಟ್ಟಲೇ ಇಲ್ಲ. ಗಲೀಜನ್ನು ಅರಗಿಸುವ ಬ್ಯಾಕ್ಟೀರಿಯಾ ಟ್ಯಾಂಕಿನಲ್ಲಿ ನೆಲೆಯಾಗಲು ವಾರಗಟ್ಟಲೆ ಬೇಕು, ಅದಾದ ಮೇಲೆ ಬನ್ನಿ ಅಂದರು. ನನಗೆ ಆಕೆಯ ಮೇಲೆ ನಂಬಿಕೆ ಬಂದದ್ದು ಆ ಗಳಿಗೆಯಲ್ಲೇ. ಬಂದ ಗಿರಾಕಿಯನ್ನು ಹಿಂದಕ್ಕೆ ಕಳಿಸುವವರು ನಮ್ಮ ಪೇಟೆಯಲ್ಲೂ ಎಷ್ಟು ಮಂದಿ ಇದ್ದಾರು?

ಹೊರಡುವಾಗ ಕಡೆಯ ಪ್ರಶ್ನೆ. ಚೆನ್ನಾಗಿ ನೋಡಿಕೊಂಡರೆ ಇದು ಇಪ್ಪತ್ತು ವರ್ಷ ಬದುಕೀತು, ಹುಡುಗ ಕಾಲೇಜಿಗೆ ಹೋದ ಮೇಲೆ ಹುಳು ಹಾಕುವವರು ಯಾರು? ಮಗಳು ಅಳಿಯನನ್ನು ನೋಡಿದಳು. ಅಳಿಯ ನನ್ನನ್ನು ನೋಡಿದ. ನನ್ನ ವೀಸಾ ನವೆಂಬರಿಗೆ ಮುಗಿಯುತ್ತದೆ ಅಂದೆ.