ಮೂರನೇ ಸ್ಟೇಷನ್

ಬಾಂದ್ರಾದ ಮೌಂಟ್ ಮೇರಿ ಮಾತೆಯ ಜಾತ್ರೆಗೆ ಹೋಗಬೇಕೆಂಬುದು ಅವ್ವನ ಹಳೆಯ ಹರಕೆ. 2019ರ ಸೆಪ್ಟೆಂಬರಿನಲ್ಲಿ ಸೊಲ್ಲಾಪುರದಿಂದ ಸಿದ್ಧೇಶ್ವರ ಎಕ್ಸ್‌ಪ್ರೆಸ್ ಹತ್ತಿ, ಬೆಳಿಗ್ಗೆ ದಾದರಿನಲ್ಲಿ ಇಳಿದೆವು. ಅಲ್ಲಿ ಸೇತುವೆ ದಾಟಿ ಪಶ್ಚಿಮ ರೈಲ್ವೆಯ ಲೋಕಲ್ ಹಿಡಿಯಬೇಕು. ಗದ್ದಲ ಕಂಡು ಅವ್ವನನ್ನು ಹೆಂಗಸರ ಡಬ್ಬಿಗೆ ಹತ್ತಿಸಿ, "ಮೂರನೇ ಸ್ಟೇಷನ್ನಿಗೆ ಇಳಿಯವ್ವಾ" ಎಂದು ಹೇಳಿ ನಾನು ಪಕ್ಕದ ಡಬ್ಬಿ ಹತ್ತಿದೆ. ಮಾಹೀಮ್ ಬಂದಾಗಲೇ ಬಾಗಿಲ ಬಳಿ ಬಂದು ನಿಲ್ಲಬೇಕು, ಮುಂಬಯಿಯ ಮಕ್ಕಳಿಗೂ ಇದು ಗೊತ್ತು. ನಾನು ಹೇಳಲಿಲ್ಲ.

ಬಾಂದ್ರಾದಲ್ಲಿ ನಾನಿಳಿದೆ, ಅವ್ವ ಇಳಿಯಲಿಲ್ಲ. ಗಾಡಿ ಹೋಗಿಯೇ ಬಿಟ್ಟಿತು. ಅವ್ವನ ಹತ್ತಿರ ಫೋನಿಲ್ಲ. ಹಣ, ಟಿಕೆಟು ಎರಡೂ ನನ್ನ ಕಿಸೆಯಲ್ಲಿ. ಅವಳ ಕೈಯಲ್ಲಿದ್ದುದು ಜಪಸರ ಮಾತ್ರ. ಅರ್ಧ ಗಂಟೆ ಬಂದ ಗಾಡಿಗಳನ್ನೆಲ್ಲ ನೋಡುತ್ತ ನಿಂತೆ. ಕೊನೆಗೆ ಎದುರಿನ ಪ್ಲಾಟ್‌ಫಾರ್ಮಿನಿಂದ "ಏ ತಮ್ಮಾ!" ಎಂಬ ಕೂಗು. ಖಾರ್ ರೋಡಿನಲ್ಲಿ ಯಾರೋ ಹೂ ಮಾರುವಾಕೆ ಅವ್ವನನ್ನು ಇಳಿಸಿ, ಸೇತುವೆ ದಾಟಿಸಿ, ತಿರುಗಿ ಬರುವ ಲೋಕಲಿನಲ್ಲಿ ಕೂಡಿಸಿದ್ದಳಂತೆ.

ಗುಡ್ಡಕ್ಕೆ ಆಟೋದಲ್ಲಿ ಹೋದೆವು. ಮರಳುವಾಗ ಅವ್ವ ಲೋಕಲ್ ಬೇಡವೇ ಬೇಡವೆಂದಳು. ಆಟೋಗಳನ್ನು ದಾದರಿನ ಕಡೆ ಬಿಡುವುದಿಲ್ಲ, ಟ್ಯಾಕ್ಸಿಯನ್ನೇ ಹಿಡಿದೆವು. ದಾರಿಯಲ್ಲಿ ಕೇಳಿದೆ: "ಎರಡು ಮೇಣಬತ್ತಿ ಯಾಕ ಹಚ್ಚಿದಿಯವ್ವಾ?"

"ಒಂದು ಆಕೀದು. ಹೆಸರು ಕೇಳೂದು ಮರತೆ."